ಅಲಿಯಾಸ್ ಶ್ಯಾಮಸುಂದರ್

ತುಕ್ರನ ಪಾಸ್‌ಪೋರ್ಟಿನಲ್ಲಿ ಎರಡು ಹೆಸರುಗಳಿದ್ದವು. ಎರಡೂ ಸರ್ಕಾರ ಒಪ್ಪಿಕೊಂಡವೇ. ಮೊದಲ ಪುಟದಲ್ಲಿ ತುಕ್ರ, ತಂದೆಯ ಹೆಸರು ಐತ. ಕೊನೆಯ ಪುಟದಲ್ಲಿ, ದುಂಡು ಮೊಹರಿನ ಪಕ್ಕ, ಟೈಪು ಮಾಡಿದ ಒಂದೇ ಸಾಲು: ಇವರು ಶ್ಯಾಮಸುಂದರ್ ಎಂಬ ಹೆಸರಿನಿಂದಲೂ ಪರಿಚಿತರು. ಕುವೈತಿನ ರಿಗ್ಗೈಯಲ್ಲಿ ಹನ್ನೊಂದು ವರ್ಷ ಜನ ಅವನನ್ನು ಕರೆದದ್ದು, ಅವನ ಸಾರು ಉಂಡು ಹೊಗಳಿದ್ದು ಈ ಕೊನೆಯ ಪುಟದ ಹೆಸರಿನಿಂದ. ಮೊದಲ ಪುಟವನ್ನು ಅವನು ಯಾರ ಮುಂದೆಯೂ ಬಿಚ್ಚುತ್ತಿರಲಿಲ್ಲ.

ಮಂಗಳೂರಿನ ಕಡೆ ಹಿಂದೆ ಕೆಲವು ಮನೆಗಳಲ್ಲಿ ಮಗು ಯಾವ ವಾರ ಹುಟ್ಟಿತೋ ಅದೇ ಅದರ ಹೆಸರು. ಭಾನುವಾರ ಹುಟ್ಟಿದವ ಐತ, ಮಂಗಳವಾರದವ ಅಂಗಾರ, ಶುಕ್ರವಾರದವ ತುಕ್ರ. ದೇವರ ಹೆಸರೋ ರಾಜರ ಹೆಸರೋ ಇಟ್ಟುಕೊಂಡರೆ ಧಣಿಗಳ ಮನೆಯಲ್ಲಿ ಏನೆಂದಾರು ಎಂಬ ಅಂಜಿಕೆ. ಹೀಗಾಗಿ ತುಕ್ರ ಎಂದರೆ ಸಾಕು, ಅವನು ಯಾರ ಪೈಕಿ, ಅಂಗಳದಲ್ಲಿ ಎಲ್ಲಿಯವರೆಗೆ ಬರಬಹುದು, ಯಾವ ಬಾವಿ ಮುಟ್ಟಬಾರದು ಎಂಬುದೆಲ್ಲ ಕರಾವಳಿಯವರಿಗೆ ಒಂದೇ ಉಸಿರಿಗೆ ತಿಳಿದುಬಿಡುತ್ತಿತ್ತು.

ಅಪ್ಪ ತೀರಿಕೊಂಡಾಗ ತುಕ್ರನಿಗೆ ಆರು ವರ್ಷ, ಅಣ್ಣ ಅಂಗಾರನಿಗೆ ಹದಿನಾರು. ಅಂಗಾರ ಬಂದರಿನ ಧಕ್ಕೆಯಲ್ಲಿ ಮೂಟೆ ಹೊತ್ತು ತಮ್ಮನನ್ನು ಏಳನೆಯ ಕ್ಲಾಸಿನವರೆಗೆ ಓದಿಸಿದ. ಅಲ್ಲಿಂದ ಮುಂದೆ ತುಕ್ರ ಬೊಂಬಾಯಿಗೆ ಹೋಗಿ ಒಂದು ಕ್ಯಾಂಟೀನು ಸೇರಿದ. ಅಲ್ಲಿ ಯಾರೂ ಯಾರ ವಾರವನ್ನೂ ಕೇಳುತ್ತಿರಲಿಲ್ಲ. ಲೋಟ ತೊಳೆಯುತ್ತ ಅಡುಗೆ ಕಲಿತ. ಕೈಗುಣ ಹುಟ್ಟಿನಿಂದಲೇ ಇತ್ತೆಂದು ಕಾಣುತ್ತದೆ. ಅವನು ಒಗ್ಗರಣೆ ಹಾಕಿದರೆ ಬೀದಿಯಲ್ಲಿ ಹೋಗುವವ ನಿಲ್ಲುತ್ತಿದ್ದ. ಎಪ್ಪತ್ತೊಂಬತ್ತರಲ್ಲಿ ಕುವೈತಿನ ಕೆಲಸ ಕುದುರಿದಾಗ ಮಂಗಳೂರಿನ ಏಜೆಂಟು ಅವನ ಹೆಸರು ಕೇಳಿ ಪೆನ್ನು ಕೆಳಗಿಟ್ಟ. "ಅಲ್ಲ ಮಾರಾಯ, ಅವರಿಗೆ ಬೇಕಾದದ್ದು ಸಸ್ಯಾಹಾರಿ ಅಡುಗೆಯವ. ಈ ಹೆಸರಿಟ್ಟುಕೊಂಡು ಹೋದರೆ ನಿನ್ನ ಸಾರು ಯಾರು ಉಣ್ಣುತ್ತಾರೆ?" ಎಂದ. ಶ್ಯಾಮಸುಂದರ್ ಎಂಬ ಹೆಸರನ್ನು ಆರಿಸಿಕೊಟ್ಟವನೂ ಅವನೇ.

ನೋಟರಿ ಮುಂದೆ ಅಫಿಡವಿಟ್ಟಾಯಿತು. ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಪ್ರಕಟಣೆಯಾಯಿತು. ಹಳೆಯ ಹೆಸರನ್ನು ಪೂರ್ತಿ ತೆಗೆಸಬೇಕೆಂದು ತುಕ್ರನ ಆಸೆಯಿತ್ತು. ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತ ಶಾಲೆಯ ಸರ್ಟಿಫಿಕೇಟು ನೋಡಿ, "ಇದನ್ನು ಅಳಿಸೋಕೆ ಬರಲ್ಲ, ಬೇಕಾದರೆ ಇನ್ನೊಂದು ಸೇರಿಸಬಹುದು" ಎಂದ. ಹಾಗೆ ಸೇರಿತು ಅಲಿಯಾಸ್. ಕುವೈತಿಗೆ ಬಂದ ಮೇಲೆ ಇಕಾಮಾ ಎಂಬ ವಾಸದ ಪರವಾನಗಿಯಲ್ಲೂ, ಬತಾಕಾ ಎಂದು ಕರೆಯುವ ಗುರುತಿನ ಚೀಟಿಯಲ್ಲೂ ಎರಡೂ ಹೆಸರು ಅರಬ್ಬಿಯಲ್ಲಿ ಒಂದರ ಬೆನ್ನಿಗೊಂದು ಕುಳಿತವು. ಕಾನೂನಿನ ಪ್ರಕಾರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಾನೂನಿಗೆ ನಾಚಿಕೆ ಎಂಬುದೊಂದು ಇರುವುದಿಲ್ಲವಲ್ಲ, ಅದನ್ನು ಮನುಷ್ಯನೇ ಹೊರಬೇಕು.

ತಮಾಷೆ ನೋಡಿ. ಅವನ ವೀಸಾಕ್ಕೆ ಹೊಣೆ ನಿಂತ ಕಫೀಲ್ ಮುತ್ತಲಿಬ್‌ಗೆ ತುಕ್ರ ಎಂದರೂ ಒಂದೇ, ಶ್ಯಾಮಸುಂದರ್ ಎಂದರೂ ಒಂದೇ; ಆತ 'ಶಾಮ್' ಎಂದು ಕರೆದು ಮುಗಿಸುತ್ತಿದ್ದ. ಚೆಕ್‌ಪೋಸ್ಟಿನ ಪೊಲೀಸರಿಗೆ ಎರಡೂ ಬಾಯಿಗೆ ಒಗ್ಗದ ಹೆಸರುಗಳು. ಸಾವಿರಾರು ಮೈಲಿ ದೂರ ಬಂದು, ಅಷ್ಟು ದೊಡ್ಡ ಊರಿನಲ್ಲಿ ತುಕ್ರ ಹೆದರಬೇಕಾಗಿದ್ದದ್ದು ತನ್ನ ನೆಲದವರಿಗೆ ಮಾತ್ರ.

ರಿಗ್ಗೈಯ ನಾಲ್ಕಂತಸ್ತಿನ ಕಟ್ಟಡವೊಂದರ ನೆಲಮಹಡಿಯಲ್ಲಿ ಅವನ ಮೆಸ್ಸು. ಮೇಲಿನ ಮನೆಗಳಲ್ಲಿ ಬೆಂಗಳೂರು, ಮೈಸೂರು ಕಡೆಯ ಇಂಜಿನಿಯರು, ಡಾಕ್ಟರುಗಳ ಸಂಸಾರಗಳು. ಅವರಲ್ಲಿ ಮೊದಲು ಅವನ ಊಟದ ಕ್ಯಾರಿಯರು ತರಿಸಿಕೊಂಡವರು ರಾಜಮ್ಮ, ಬ್ಯಾಂಕಿನ ಅಧಿಕಾರಿಯ ಹೆಂಡತಿ. ಹೊರಗಿನ ಅಡುಗೆ ಮೂಸಿಯೂ ನೋಡದ ಹೆಂಗಸು. ಆಕೆ ಒಂದು ದಿನ ಅವನ ತಿಳಿಸಾರು ಉಂಡು, "ನಮ್ಮವರೇ ಮಾಡಿದ್ದು ಅಂತ ಹೇಳದೇನೇ ಗೊತ್ತಾಗುತ್ತೆ" ಎಂದು ಇಡೀ ಕಟ್ಟಡಕ್ಕೆ ಸಾರಿದರು. ತಾನು ಬ್ರಾಹ್ಮಣ ಎಂದು ತುಕ್ರ ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಮಕ್ಕಳು 'ಭಟ್ರೇ' ಎಂದರೆ ಓಗೊಟ್ಟ, ದೊಡ್ಡವರು 'ಶ್ಯಾಮಣ್ಣ' ಎಂದರೆ ನಕ್ಕ. ಕುವೈತಿನ ಬೇಸಗೆಯಲ್ಲಿ, ಎರಡೆರಡು ಒಲೆಗಳ ಮುಂದೆ ಬೆವರು ಕಾಲಿಗಿಳಿಯುತ್ತಿದ್ದರೂ ಅವನು ಬನಿಯನ್ನು ಬಿಚ್ಚಿದವನಲ್ಲ. ಹೆಗಲಿನ ಮೇಲೆ ದಾರವಿಲ್ಲದ್ದು ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯ. "ಎಷ್ಟು ಮರ್ಯಾದಸ್ಥ ನೋಡಿ" ಎಂದು ರಾಜಮ್ಮ ಅದನ್ನೂ ಹೊಗಳಿದರು.

ಎಂಬತ್ತಾರರಲ್ಲಿ ಅವನು ಮುತ್ತಲಿಬ್‌ನ ಕೈಕಾಲು ಹಿಡಿದು ಅಣ್ಣನಿಗೊಂದು ವೀಸಾ ಮಾಡಿಸಿದ. ಶುವೈಖ್ ಬಂದರಿನ ಹತ್ತಿರದ ಗೋದಾಮಿನಲ್ಲಿ ಕೆಲಸ. ವಿಮಾನ ನಿಲ್ದಾಣದಲ್ಲಿ ಅಣ್ಣನ ಪೆಟ್ಟಿಗೆ ತೆಗೆದುಕೊಂಡವನೇ ತುಳುವಿನಲ್ಲಿ ಶುರುಮಾಡಿದ. ರಿಗ್ಗೈ ಕಡೆ ಬರುವುದು ಬೇಡ. ಪ್ರತಿ ಶುಕ್ರವಾರ ನಾನೇ ಶುವೈಖ್‌ಗೆ ಬರುತ್ತೇನೆ. ಎಲ್ಲಾದರೂ ನಾಲ್ಕು ಜನರ ಎದುರು ಸಿಕ್ಕಿದರೆ ನೀನು ನನ್ನನ್ನು ಭಟ್ರೇ ಅನ್ನು, ಅಣ್ಣ ತಮ್ಮ ಅಂತ ಗೊತ್ತಾಗಬಾರದು.

ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಅವನ ಕಿವಿ ಕಾದುಹೋಗಿತ್ತು. ಅಂಗಾರ ತಮ್ಮನ ಮುಖ ನೋಡಿ ನಕ್ಕುಬಿಟ್ಟ. "ಆಗಲಿ ಮಾರಾಯ. ನಿನ್ನ ಅನ್ನಕ್ಕೆ ನಾನ್ಯಾಕೆ ಕಲ್ಲು ಹಾಕಲಿ? ಭಟ್ರೇ ಅಂದರೆ ನನ್ನ ಬಾಯೇನು ಸವೆಯುವುದಿಲ್ಲ" ಎಂದ. ಆಡಿದ ಮಾತಿಗೆ ನಾಲ್ಕು ವರ್ಷ ತಪ್ಪಲಿಲ್ಲ. ಅಣ್ಣ ಹಾಗೆ ನಕ್ಕದ್ದೇ ತುಕ್ರನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಒಂದು ಸಲ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತೊಂಬತ್ತರ ಆಗಸ್ಟ್ ಎರಡರ ಬೆಳಿಗ್ಗೆ ಇರಾಕಿನ ಟ್ಯಾಂಕುಗಳು ಬಂದವು. ಟೆಲಿಫೋನು ಸತ್ತಿತು, ಬ್ಯಾಂಕು ಮುಚ್ಚಿತು, ಬೇಕರಿಗಳ ಮುಂದೆ ಹನುಮಂತನ ಬಾಲದಷ್ಟು ಉದ್ದದ ಸಾಲು. ರಾಜಮ್ಮನ ಗಂಡ ರಜೆಯಲ್ಲಿ ಮೈಸೂರಿಗೆ ಹೋದವರು ಅಲ್ಲೇ ಉಳಿದರು. ಇಲ್ಲಿ ರಾಜಮ್ಮ, ಎಂಟು ವರ್ಷದ ಮಗಳು ಸಿಂಚನಾ. ಇಡೀ ಕಟ್ಟಡದವರು ತಮ್ಮ ತಮ್ಮ ಮನೆಯ ಅಕ್ಕಿ, ಬೇಳೆ ತಂದು ತುಕ್ರನ ಮೆಸ್ಸಿನಲ್ಲಿ ಸುರಿದರು. ಎರಡು ಹೊತ್ತು ಒಂದೇ ಅಡುಗೆ, ಒಟ್ಟಿಗೆ ಊಟ. ಆ ದಿನಗಳಲ್ಲಿ ಶ್ಯಾಮಣ್ಣ ಎಲ್ಲರಿಗೂ ದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗಿದ್ದ.

ಆರನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕುಳಿತ ಹೊತ್ತಿನಲ್ಲಿ ಬಾಗಿಲು ಬಡಿದ ಸದ್ದಾಯಿತು. ರಾಜಮ್ಮ ತೆರೆದರು. ಹೊರಗೆ ಅಂಗಾರ ನಿಂತಿದ್ದ. ಶುವೈಖ್‌ನ ಗೋದಾಮನ್ನು ಸೈನಿಕರು ಬಾಗಿಲು ಮುರಿದು ದೋಚಿದ್ದರು. ಕೆಲಸಗಾರರನ್ನು ಓಡಿಸಿದ್ದರು. ಎರಡು ದಿನದಿಂದ ಊಟವಿಲ್ಲ. ಆ ಬಿಸಿಲಿನಲ್ಲಿ ಶುವೈಖ್‌ನಿಂದ ರಿಗ್ಗೈಗೆ ನಡೆದುಕೊಂಡೇ ಬಂದಿದ್ದ, ಚಪ್ಪಲಿಯ ಉಂಗುಷ್ಠ ಹರಿದು ಒಂದು ಕಾಲು ಬರಿಗಾಲು.

"ಯಾರಿದು ಶ್ಯಾಮಣ್ಣ?" ಎಂದು ರಾಜಮ್ಮ ತಿರುಗಿ ಕೇಳಿದರು.

ತುಕ್ರ ಸೌಟು ಹಿಡಿದು ನಿಂತಿದ್ದ. ಇಪ್ಪತ್ತು ಜನ ಅವನನ್ನೇ ನೋಡುತ್ತಿದ್ದರು. ಅಣ್ಣ ಎಂದರೆ ಮುಂದಿನ ಪ್ರಶ್ನೆ ಹೆಸರೇನು ಎಂದೇ ಬರುತ್ತದೆ. "ನಮ್ಮ ಊರ ಕಡೆಯವ. ಪಾತ್ರೆ ತೊಳೆಯಲಿಕ್ಕೆ ಜನ ಬೇಕಿತ್ತಲ್ಲ, ಬರಹೇಳಿದ್ದೆ" ಎಂದ.

ಅಂಗಾರ ಹೊಸಿಲಿನಾಚೆಯಿಂದಲೇ ಕೈಮುಗಿದು, "ಹೌದು ಅಮ್ಮ. ಭಟ್ರು ಬರಹೇಳಿದ್ದರು" ಎಂದ.

ಹೀಗೆ, ತಮ್ಮನನ್ನು ಹೊತ್ತು ಸಾಕಿದವನು ತಮ್ಮನ ಮೆಸ್ಸಿನಲ್ಲಿ ಎಂಜಲು ಪಾತ್ರೆ ತೊಳೆಯುವವನಾದ. ಮಲಗುವುದು ಮಹಡಿಗೆ ಹೋಗುವ ಮೆಟ್ಟಿಲಿನ ಬುಡದಲ್ಲಿ. ಊಟವೂ ಅಲ್ಲೇ, ಎಲ್ಲರದೂ ಮುಗಿದ ಮೇಲೆ. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಮೊದಲ ದಿನ ಅಂಗಾರನೇ ತಟ್ಟೆ ತೆಗೆದುಕೊಂಡು ಹೊರಗೆ ನಡೆದ. ತುಕ್ರ ತಡೆಯಲಿಲ್ಲ, ಅಷ್ಟೆ. ನಾಲ್ಕನೆಯ ದಿನವೋ ಐದನೆಯ ದಿನವೋ ಸಿಂಚನಾ ಅಮ್ಮನ ಸೆರಗು ಜಗ್ಗಿ, "ವೈ ಈಸ್ ದಟ್ ಅಂಕಲ್ ಈಟಿಂಗ್ ಔಟ್‌ಸೈಡ್?" ಎಂದು ಕೇಳಿದಳು. ರಾಜಮ್ಮನಿಗೂ ಹೌದಲ್ಲ ಎನಿಸಿತು. "ಅವರನ್ನೂ ಒಳಗೆ ಕರೀರಿ ಶ್ಯಾಮಣ್ಣ, ಇಂಥ ಕಾಲದಲ್ಲಿ ಎಂಥದ್ದು" ಎಂದರು.

"ಅವನಿಗೆ ಹಾಗೇ ಅಭ್ಯಾಸ" ಎಂದ ತುಕ್ರ.

ಆ ಮಾತು ಬಾಯಿಂದ ಜಾರಿದ ಗಳಿಗೆಯಲ್ಲಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಊರಿನಲ್ಲಿ ಚಿಕ್ಕವನಿದ್ದಾಗ ಧಣಿಗಳ ಅಂಗಳದಲ್ಲಿ ನಿಂತು ಇದೇ ಮಾತನ್ನು ಅಪ್ಪನ ಬಗ್ಗೆ ಕೇಳಿದ್ದ. ಆಗ ಹಲ್ಲು ಕಚ್ಚಿದವನು ಈಗ ಅದನ್ನೇ ಅಣ್ಣನ ಬಗ್ಗೆ ಆಡಿದ್ದ, ಅದೂ ಯಾರೂ ಕುತ್ತಿಗೆಗೆ ಕತ್ತಿ ಹಿಡಿಯದೆ. ಮೆಟ್ಟಿಲ ಬಳಿಯಿಂದ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಕೇಳಿಸಿರಬೇಕು. ಸಂಜೆ ಅಣ್ಣನಿಗೆ ಎರಡು ಸೌಟು ಹೆಚ್ಚು ಪಾಯಸ ಬಡಿಸಲು ಹೋದ. ಅಂಗಾರ ತಟ್ಟೆಗೆ ಕೈ ಅಡ್ಡ ಹಿಡಿದು, "ಮಕ್ಕಳಿಗೆ ಇಡು. ಸಕ್ಕರೆ ಮುಗೀತಾ ಬಂತು" ಎಂದು ಮೆಲ್ಲಗೆ ತುಳುವಿನಲ್ಲಿ ಹೇಳಿದ.

ಆಗಸ್ಟ್ ಕೊನೆಯ ವಾರ ಕಜೆಟನ್ ಬಂದ. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ಕಂಪನಿಯೊಂದರಲ್ಲಿ ಟೈಪಿಸ್ಟ್. ಭಾರತೀಯರನ್ನು ಬಸ್ಸುಗಳಲ್ಲಿ ಬಸ್ರಾ, ಬಾಗ್ದಾದ್ ದಾಟಿಸಿ ಜೋರ್ಡಾನಿಗೆ ಕಳಿಸುವ ಸಮಿತಿಯವರು ಪ್ರದೇಶಕ್ಕೊಬ್ಬರಂತೆ ಪಟ್ಟಿ ಮಾಡುತ್ತಿದ್ದರು. ರಿಗ್ಗೈಯ ಪಟ್ಟಿ ಇವನ ಪಾಲಿಗೆ ಬಂದಿತ್ತು. ಮೆಸ್ಸಿನ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಒಬ್ಬೊಬ್ಬರ ಪಾಸ್‌ಪೋರ್ಟನ್ನೂ ಬಿಡಿಸಿ ಬಡಿಯತೊಡಗಿದ. ಸುತ್ತ ಎಲ್ಲರೂ ನಿಂತಿದ್ದರು. ತುಕ್ರ ಕೊನೆಗೆ ಬಂದು, ಪಾಸ್‌ಪೋರ್ಟನ್ನು ಕೊನೆಯ ಪುಟಕ್ಕೆ ತೆರೆದು ಮುಂದಿಟ್ಟ.

ಕಜೆಟನ್ ಮೊದಲ ಪುಟಕ್ಕೆ ತಿರುವಿದ. ಓದಿದ. ಅವನ ಬೆರಳು ಅಕ್ಷರದ ಮೇಲೆ ಹಾಗೆಯೇ ನಿಂತಿತು. ಮಂಗಳೂರಿನವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಶ್ಯಾಮಸುಂದರ್ ಅಂತ ಮಾತ್ರ ಹಾಕಿದರೆ ಆಗುವುದಿಲ್ವಾ?" ತುಕ್ರ ಕಿವಿಯ ಹತ್ತಿರ ಬಗ್ಗಿ ಕೇಳಿದ.

"ಆಗುವುದಿಲ್ಲ ಭಟ್ರೇ. ಪಾಸ್‌ಪೋರ್ಟಿನಲ್ಲಿ ಹೇಗೆ ಉಂಟೋ ಹಾಗೇ ಇರಬೇಕು, ಇರಾಕಿಗಳು ತಾಳೆ ನೋಡ್ತಾರೆ." ಆಮೇಲೆ ದನಿ ಇನ್ನಷ್ಟು ತಗ್ಗಿಸಿ, "ಕಾಗದದಲ್ಲಿ ಎರಡೂ ಬರ್ತದೆ. ಬಸ್ಸಿನ ಹತ್ರ ಕರೆಯುವಾಗ ಎರಡನೇದು ಮಾತ್ರ ಕರೀತೇನೆ. ಚಿಂತೆ ಮಾಡ್ಬೇಡಿ" ಎಂದ. ಒಳ್ಳೆಯ ಮನುಷ್ಯ. ಆ ಒಳ್ಳೆಯತನವೂ ತುಕ್ರನಿಗೆ ಚಾಟಿಯೇಟಿನ ಹಾಗೆ ತಾಗಿತು.

ಅಷ್ಟರಲ್ಲಿ ಅಂಗಾರನ ಪಾಸ್‌ಪೋರ್ಟೂ ಮೇಜಿಗೆ ಬಂತು. ಅಂಗಾರ, ತಂದೆ ಐತ. ಊರು ಅದೇ, ಅಂಚೆ ಅದೇ. ಕಜೆಟನ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ. ಒಂದು ಮನೆಯವರನ್ನು ಒಂದೇ ಬಸ್ಸಿಗೆ ಹಾಕುವುದು ಸಮಿತಿಯ ಕ್ರಮ. ಉಳಿದ ಒಂಟಿ ಕೂಲಿಗಳದು ಬೇರೆ ಪಟ್ಟಿ, ಅದರ ಸರದಿ ಯಾವಾಗ ಎಂದು ದೇವರಿಗೂ ಗೊತ್ತಿರಲಿಲ್ಲ. ಫಾರ್ಮಿನಲ್ಲಿ ಸಂಬಂಧ ಎಂಬ ಕಾಲಂ ಇತ್ತು. ಅಲ್ಲಿ ಏನಾದರೂ ಬರೆಯಬೇಕಿತ್ತು.

"ನೀವು ಇವರಿಗೆ ಏನಾಗಬೇಕು?" ಕಜೆಟನ್ ಅಂಗಾರನನ್ನು ಮೃದುವಾಗಿಯೇ ಕೇಳಿದ. "ಸಂಬಂಧ ಉಂಟಾದರೆ ಹೇಳಿ. ಇದೇ ಬಸ್ಸಿಗೆ ಹಾಕ್ತೇನೆ."

ಅಂಗಾರ ತಮ್ಮನ ಕಡೆ ನೋಡಿದ. ಹೇಳುವ ಹಕ್ಕು ನಿನ್ನದು, ನೀನೇ ಹೇಳು ಎಂಬಂಥ ನೋಟ. ಎಷ್ಟು ಹೊತ್ತು ನೋಡಿದನೋ, ತುಕ್ರನಿಗಂತೂ ಒಂದು ವರ್ಷವಾದ ಹಾಗಾಯಿತು. ರಾಜಮ್ಮ ಪಕ್ಕದಲ್ಲೇ ಇದ್ದರು. ತುಕ್ರ ತಲೆ ತಗ್ಗಿಸಿ ಟೈಪ್‌ರೈಟರಿನ ಅಕ್ಷರಗಳನ್ನು ನೋಡುತ್ತ ನಿಂತ.

"ಇಲ್ಲ ಸ್ವಾಮಿ" ಎಂದ ಅಂಗಾರ. "ನಮ್ಮೂರಲ್ಲಿ ಐತ ಅಂತ ಹೆಸರು ಮನೆಗೊಂದು ಉಂಟು. ನಾನು ಇವರ ಕೈಕೆಳಗೆ ಕೆಲಸಕ್ಕಿರುವವ."

ಕಜೆಟನ್‌ಗೆ ನಂಬಿಕೆ ಬರಲಿಲ್ಲವೆಂಬುದು ಅವನ ಮುಖದಲ್ಲೇ ಇತ್ತು. ಇನ್ನೇನು ಮಾಡಿಯಾನು, ಬೇರೆ ಕಾಗದ ಏರಿಸಿ ಬಡಿದ.

ಸೆಪ್ಟೆಂಬರ್ ಮೊದಲ ವಾರ, ಬೆಳಗಿನ ಆರಕ್ಕೆಲ್ಲ ಬಸ್ಸು ಬಂದು ನಿಂತಿತು. ರಾಜಮ್ಮನ ಮೂರು ಚೀಲ, ಕುಡಿಯುವ ನೀರಿನ ಕ್ಯಾನು, ಅವಲಕ್ಕಿಯ ಡಬ್ಬ, ಎಲ್ಲವನ್ನೂ ಹೊತ್ತು ಬಸ್ಸಿನ ಮೇಲೆ ಕಟ್ಟಿದವನು ಅಂಗಾರ. ಕಜೆಟನ್ ಪಟ್ಟಿ ಹಿಡಿದು ಕರೆದ, ಹೇಳಿದ ಹಾಗೆಯೇ "ಶ್ಯಾಮಸುಂದರ್" ಎಂದಷ್ಟೇ ಕರೆದ. ತುಕ್ರ ಹತ್ತಿ ಕಿಟಕಿಯ ಪಕ್ಕ ಕುಳಿತ. ಎಲ್ಲರೂ ಹತ್ತಿದ ಮೇಲೆ ಒಂದು ಸೀಟು ಉಳಿಯಿತು. ಬರಬೇಕಾಗಿದ್ದ ಯಾರೋ ಬಂದಿರಲಿಲ್ಲ. ಡ್ರೈವರು ಯಲ್ಲಾ ಯಲ್ಲಾ ಎಂದು ಹಾರ್ನು ಒತ್ತಿದ.

ಕಜೆಟನ್ ಬಸ್ಸಿನೊಳಗೆ ಬಂದು ನಿಂತ. "ಒಂದು ಸೀಟು ಉಂಟು. ಇದರಲ್ಲಿರುವವರ ಮನೆಯವರು, ಸಂಬಂಧಿಕರು ಯಾರಾದರೂ ಕೆಳಗೆ ಇದ್ದರೆ ಹೇಳಿ. ಇಲ್ಲದಿದ್ದರೆ ಪಕ್ಕದ ಕಟ್ಟಡದವರಿಗೆ ಕೊಡ್ತೇನೆ." ಅವನು ಮಾತಾಡಿದ್ದು ಎಲ್ಲರನ್ನೂ ಉದ್ದೇಶಿಸಿ, ನೋಡಿದ್ದು ತುಕ್ರನನ್ನು ಮಾತ್ರ.

ಈ ಸಲ ಅಂಗಾರ ಪಕ್ಕದಲ್ಲಿರಲಿಲ್ಲ, ತಮ್ಮನ ಪರವಾಗಿ ಇಲ್ಲ ಎನ್ನಲು. ಕೆಳಗೆ ಕಂಬಕ್ಕೆ ಒರಗಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ. ತುಕ್ರ ಬರೀ ಕೈ ಎತ್ತಿದ್ದರೂ ಸಾಕಿತ್ತು. ಎತ್ತಲಿಲ್ಲ. ತೊಡೆಗಳ ನಡುವೆ ಎರಡೂ ಕೈ ಸಿಕ್ಕಿಸಿಕೊಂಡು ಕುಳಿತ. ಪಕ್ಕದ ಕಟ್ಟಡದ ಯಾರೋ ಓಡಿಬಂದು ಆ ಸೀಟಿನಲ್ಲಿ ಕುಳಿತರು, ಬಸ್ಸು ಹೊರಟಿತು. ಅಂಗಾರ ಕೈಬೀಸಲಿಲ್ಲ. ಕೂಲಿಯಾಳು ಭಟ್ಟರಿಗೆ ಕೈಬೀಸುವುದುಂಟೇ? ಬಸ್ಸು ತಿರುಗುವವರೆಗೆ ನೋಡುತ್ತ ನಿಂತಿದ್ದ.

ಬಸ್ರಾ, ಬಾಗ್ದಾದ್, ಅಲ್ಲಿಂದ ಮುಂದೆ ಗಡಿ. ನಾಲ್ಕು ದಿನದ ದಾರಿಯಲ್ಲಿ ತುಕ್ರ ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲ. ಎಲ್ಲರೂ ಶ್ಯಾಮಣ್ಣನಿಗೆ ಸುಸ್ತಾಗಿದೆ ಎಂದುಕೊಂಡರು. ಸುಸ್ತಲ್ಲ. ಮುಖವನ್ನು ಎಲ್ಲಿಟ್ಟುಕೊಳ್ಳುವುದೆಂದು ತೋಚುತ್ತಿರಲಿಲ್ಲ.

ಜೋರ್ಡಾನ್ ಗಡಿ ದಾಟಿದ ಮೇಲೆ ಮರಳುಗಾಡಿನಲ್ಲಿ ಸಾಲುಸಾಲು ಡೇರೆಗಳ ಶಿಬಿರ. ಅಲ್ಲಿ ಕಜೆಟನ್ ಇರಲಿಲ್ಲ. ಎರಡನೆಯ ದಿನ ಯಾರೋ ಗುರುತಿಲ್ಲದ ಸ್ವಯಂಸೇವಕ ಕೈಯಲ್ಲಿ ಪಟ್ಟಿ, ಬಾಯಿಗೆ ಧ್ವನಿವರ್ಧಕ ಹಿಡಿದು, ಕಾಗದದಲ್ಲಿದ್ದದ್ದನ್ನು ಇದ್ದ ಹಾಗೆ ಒದರಿದ: "ತುಕ್ರ ಐತ, ಅಲಿಯಾಸ್ ಶ್ಯಾಮಸುಂದರ್!"

ಹನ್ನೊಂದು ವರ್ಷ ಯಾವುದಕ್ಕೆ ಹೆದರಿ ಬದುಕಿದ್ದನೋ ಅದು ಆಗಿಹೋಯಿತು. ತುಕ್ರ ಎದ್ದು ನಿಂತ. ರಿಗ್ಗೈಯವರೆಲ್ಲ ಸುತ್ತ ಕುಳಿತಿದ್ದರು. ಒಬ್ಬರು ಬಿಸ್ಕತ್ತಿನ ಪೊಟ್ಟಣ ಬಿಡಿಸುತ್ತಿದ್ದರು, ಬಿಡಿಸುತ್ತಲೇ ಇದ್ದರು. ರಾಜಮ್ಮ ತಲೆಯೆತ್ತಿ, "ನಿಮ್ಮದಾ? ತುಕ್ರ ಅಂದ್ರೆ ಮನೇಲಿ ಕರೆಯೋ ಹೆಸರಾ ಶ್ಯಾಮಣ್ಣ? ಮುದ್ದಾಗಿದೆ" ಎಂದರು.

ಮೈಸೂರಿನ ಹೆಂಗಸು. ಕರಾವಳಿಯ ವಾರದ ಹೆಸರುಗಳ ಗಂಧಗಾಳಿಯೂ ಆಕೆಗಿರಲಿಲ್ಲ. ಅಲ್ಲಿದ್ದ ಯಾರಿಗೂ ಇರಲಿಲ್ಲ. ಅವರ ಕಿವಿಗೆ ತುಕ್ರ ಎಂಬುದು ಪುಟ್ಟು, ಕಿಟ್ಟು ಇದ್ದ ಹಾಗೆ ಒಂದು ಹೆಸರು. ಆ ಕಟ್ಟಡದವರಿಗೆ ಅದರ ಅರ್ಥ ಗೊತ್ತಿದೆ ಎಂದು ತುಕ್ರನೇ ಅಂದುಕೊಂಡಿದ್ದ, ಹನ್ನೊಂದು ವರ್ಷ ಒಂದು ದಿನವೂ ಪರೀಕ್ಷಿಸದೆ. ಅವರಿಗೆ ಅರ್ಥವೇ ಆಗದ ಎರಡು ಅಕ್ಷರವನ್ನು ಬಚ್ಚಿಡಲು ಅಣ್ಣನನ್ನು ಕಂಬದ ಬಳಿ ಬಿಟ್ಟು ಬಂದಿದ್ದ. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನಿಂತವನು ಹಾಗೆಯೇ ಕುಸಿದು ಕುಳಿತು, ಮುಖ ಮುಚ್ಚಿಕೊಂಡು ಅತ್ತ.

ರಾಜಮ್ಮ ಗಾಬರಿಯಿಂದ ನೀರು ತಂದರು. ಅವನು ನೀರು ಮುಟ್ಟದೆ ಎಲ್ಲವನ್ನೂ ಹೇಳಿಬಿಟ್ಟ. ತಾನು ಯಾರ ಪೈಕಿ, ಅಲಿಯಾಸ್ ಯಾಕೆ, ಬನಿಯನ್ ಯಾಕೆ, ಮೆಟ್ಟಿಲ ಬುಡದಲ್ಲಿ ಉಂಡವನು ಯಾರು, ಒಂದನ್ನೂ ಬಿಡಲಿಲ್ಲ.

ಆಕೆ ನೀರಿನ ಲೋಟವನ್ನು ಕೆಳಗಿಟ್ಟರು. "ಜಾತಿ ಗೊತ್ತಾಗಿದ್ದಿದ್ರೂ ನಿಮ್ಮ ಕೈ ಊಟ ತರಿಸ್ತಿದ್ದೆ ಅಂತ ಸುಳ್ಳು ಹೇಳೋಲ್ಲ ನಾನು" ಎಂದರು. "ಬೇಡ ಅಂತಿದ್ದೆ. ಅದು ನನ್ನ ಹಣೆಗೆ ಅಂಟಿದ ಪಾಪ, ನಾನು ತೊಳ್ಕೋತೀನಿ. ಆದ್ರೆ ಒಡಹುಟ್ಟಿದವರನ್ನ ಮೆಟ್ಟಿಲ ಮೇಲೆ ಕೂರಿಸಿ ಅಂತ ನಾನು ಹೇಳಿರಲಿಲ್ಲ, ಶ್ಯಾಮಣ್ಣ. ಒಳಗೆ ಕರೀರಿ ಅಂದಿದ್ದೆ."

ಜಾತಿಯ ನೆಪ ಹೇಳಿ ತಪ್ಪಿಸಿಕೊಳ್ಳುವ ಒಂದು ಕಿಂಡಿಯೂ ಅಲ್ಲಿಗೆ ಮುಚ್ಚಿತು. ರಾಜಮ್ಮನೂ ಮಗಳೂ ಮರುದಿನ ಅಮ್ಮಾನಿನ ವಿಮಾನಕ್ಕೆ ಹೋದರು. ಹೋಗುವ ಮುಂಚೆ ಆಕೆ ಅವನಿಂದ ಚಹಾದ ಲೋಟ ಇಸಿದುಕೊಂಡು ಕುಡಿದರು. ಕುಡಿಯುವಾಗ ಕಣ್ಣು ಬೇರೆಡೆ ಇತ್ತು.

ತುಕ್ರ ಹೋಗಲಿಲ್ಲ. ಅವನ ಸರದಿ ಮೂರು ಸಲ ಬಂತು, ಮೂರು ಸಲವೂ ಹಿಂದಿದ್ದವರಿಗೆ ಬಿಟ್ಟುಕೊಟ್ಟ. ಶಿಬಿರದ ಅಡುಗೆಗೆ ಕೈಹಾಕಿದ. ಮಿಕ್ಕ ಹೊತ್ತೆಲ್ಲ ಬಾಗ್ದಾದ್ ಕಡೆಯ ಬಸ್ಸು ನಿಲ್ಲುವಲ್ಲಿ ನಿಂತ. ಇಳಿಯುವವರನ್ನೆಲ್ಲ ಕೇಳಿದ: ಅಂಗಾರ ಅಂತ, ಶುವೈಖ್‌ನವರು, ಎತ್ತರದ ಆಳು, ನನ್ನ ಅಣ್ಣ. ಗುರುತಿಲ್ಲದವರ ಮುಂದೆ ಎಷ್ಟು ಸಲೀಸಾಗಿ ಬರುತ್ತಿತ್ತು ಆ ಮಾತು!

ಹದಿಮೂರನೆಯ ದಿನ, ನೆತ್ತಿ ಸುಡುವ ಬಿಸಿಲಿನಲ್ಲಿ, ಒಂದು ಬಸ್ಸಿನ ಹಿಂಬಾಗಿಲಿನಿಂದ ಅಂಗಾರ ಇಳಿದ. ಅರ್ಧ ಕರಗಿದ್ದ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ತುಕ್ರ ಓಡಿಹೋಗಿ ಅವನ ಗಂಟು ಕಸಿದುಕೊಂಡು, ಇಡೀ ಶಿಬಿರಕ್ಕೆ ಕೇಳುವ ಹಾಗೆ "ಅಣ್ಣಾ" ಎಂದ.

ಅಂಗಾರ ಬೆಚ್ಚಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಮೆಲ್ಲ ಮಾತಾಡು. ನಿನ್ನ ರಿಗ್ಗೈಯವರು ಯಾರಾದರೂ ಇದ್ದಾರು."

"ಎಲ್ಲ ಹೋದರು. ಇದ್ದರೂ ಇರಲಿ. 'ನನ್ನ ಅಣ್ಣ' ಅಂತ ರಾಜಮ್ಮನಿಗೆ ಹೇಳಿಬಿಟ್ಟೆ."

"ಹೇಳಿಬಿಟ್ಟೆಯಾ?" ಅಂಗಾರ ಹಣೆ ಚಚ್ಚಿಕೊಂಡ. "ಎಂಥ ಕೆಲಸ ಮಾಡಿದೆ ಮಾರಾಯ! ನಾಳೆ ಯುದ್ಧ ಮುಗಿದರೆ ಮತ್ತೆ ಅಲ್ಲಿಗೇ ಹೋಗಿ ಒಲೆ ಹಚ್ಚಬೇಕಾದವ ನೀನು. ಇಷ್ಟು ವರ್ಷ ಕಾಪಾಡಿಕೊಂಡದ್ದನ್ನು ಒಂದು ಮಾತಿಗೆ ಕಳಕೊಂಡೆಯಲ್ಲ."

ನೋಂದಣಿಯ ಮೇಜಿನ ಮುಂದೆ ಉದ್ದದ ಸಾಲು. ಇಬ್ಬರೂ ಒಟ್ಟಿಗೆ ನಿಂತರು. ಮೇಜಿನಾಚೆಯ ಬೊಂಬಾಯಿಯವನು ತಲೆಯೆತ್ತದೆ ಹಿಂದಿಯಲ್ಲಿ, ಜೊತೆಗೆ ಯಾರಾದರೂ ಮನೆಯವರಿದ್ದಾರಾ ಎಂದು ಅಂಗಾರನನ್ನು ಕೇಳಿದ. ಒಂದೇ ಮನೆಯವರಾದರೆ ಒಂದೇ ವಿಮಾನ.

"ನಾನು ಇವರ ತಮ್ಮ" ಎಂದ ತುಕ್ರ, ಅವನ ಪ್ರಶ್ನೆ ಮುಗಿಯುವ ಮುಂಚೆ.

"ಅಲ್ಲ ಸಾಹೇಬ್ರೇ" ಎಂದ ಅಂಗಾರ, ಅಷ್ಟೇ ಬೇಗ. "ಇವರು ದೊಡ್ಡ ಜನ, ಭಟ್ಟರು. ಕನಿಕರಕ್ಕೆ ಹಾಗೆ ಹೇಳ್ತಾರೆ. ನಾನು ಇವರ ಪಾತ್ರೆ ತೊಳೆಯುತ್ತಿದ್ದವ."

"ಅಣ್ಣ, ಹಾಗೆ ಹೇಳಬೇಡ. ನಿನ್ನ ಕಾಲಿಗೆ ಬೀಳ್ತೇನೆ, ಹೌದು ಅನ್ನು." ತುಕ್ರ ಅಣ್ಣನ ತೋಳು ಹಿಡಿದ.

ಅಂಗಾರ ತಮ್ಮನ ಕಡೆ ತಿರುಗಲೇ ಇಲ್ಲ. ಮೇಜಿನವನು ಎರಡೂ ಪಾಸ್‌ಪೋರ್ಟು ಬಿಡಿಸಿ ನೋಡಿದ. ತಂದೆಯ ಹೆಸರು ಒಂದೇ ಇದೆಯಲ್ಲ ಎಂದು ಕೇಳಿದ. ಅಂಗಾರ ಮೊದಲೇ ಪಾಠ ಮಾಡಿಟ್ಟುಕೊಂಡವನಂತೆ, ನಮ್ಮೂರಲ್ಲಿ ಆ ಹೆಸರು ಮನೆಗೊಂದು ಉಂಟು ಎಂದ. ಹಿಂದೆ ಮುನ್ನೂರು ಜನ ಕಾಯುತ್ತಿದ್ದರು. ಮೇಜಿನವನು ರೇಗಿ, ಇದು ಹಿರಿಯನ ಫಾರ್ಮು, ಹಿರಿಯ ಹೇಳಿದ್ದನ್ನೇ ಬರೆಯುತ್ತೇನೆ ಎಂದು ಸಂಬಂಧದ ಜಾಗದಲ್ಲೊಂದು ಅಡ್ಡಗೆರೆ ಎಳೆದ. ಅಂಗಾರನಿಗೆ ಮರುದಿನದ ವಿಮಾನದ ಚೀಟಿ ಸಿಕ್ಕಿತು, ತುಕ್ರನಿಗೆ ಅದರ ಮುಂದಿನ ದಿನದ್ದು.

ಸಾಲಿನಿಂದ ಹೊರಬಂದು ಇಬ್ಬರೂ ಡೇರೆಯೊಂದರ ನೆರಳಿಗೆ ನಡೆದರು. ತುಕ್ರನಿಗೆ ಅಳು ನಿಲ್ಲುತ್ತಿರಲಿಲ್ಲ. ಅಂಗಾರ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಆಚೆ ಈಚೆ ನೋಡಿ, ಹತ್ತಿರದಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, ತಮ್ಮನ ಬೆನ್ನ ಮೇಲೆ ಕೈಯಿಟ್ಟ.